ಪೂರ್ತಿ ತೆಗೆದ ಗೆಡ್ಡೆ, ನಡುವಿನ ಒಂದು ಗ್ರಂಥಿ, ಕೊಡದೆ ಬಿಟ್ಟ ವಿಕಿರಣ: ಒಂದು ಪ್ರಕರಣ ಅಧ್ಯಯನ

ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣ ಚಿಕಿತ್ಸೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಇಂದಿನ ಮಾರ್ಗಸೂಚಿಗಳ ಉತ್ತರ ಚಿಕ್ಕದು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿದ್ದರೆ ಕೊಡಬೇಕು. ಗೆಡ್ಡೆ ಪೂರ್ತಿ ಹೊರಬಂದಿದ್ದು, ಎದೆಯ ನಡುಭಾಗದ ದುಗ್ಧರಸ ಗ್ರಂಥಿಗಳಿಗೆ ರೋಗ ತಲುಪಿರದಿದ್ದರೆ ಕೊಡಬಾರದು. ಗೆಡ್ಡೆ ಪೂರ್ತಿ ಹೊರಬಂದಿದೆ, ಆದರೆ ನಡುಭಾಗದ ಗ್ರಂಥಿಗಳನ್ನು ರೋಗ ಮುಟ್ಟಿತ್ತು ಎನ್ನುವವರಿಗೆ ಮಾತ್ರ ಒಂದೇ ಸಾಲಿನ ಉತ್ತರವಿಲ್ಲ. ಎಲ್ಲರಿಗೂ ಕೊಡುವ ಪದ್ಧತಿ ಈಗಿಲ್ಲ. ಒಬ್ಬೊಬ್ಬರನ್ನೂ ಬಿಡಿಯಾಗಿ ನೋಡಿ ತೀರ್ಮಾನಿಸಬೇಕು.

ಹಾಗೆ ಬಿಡಿಯಾಗಿ ನೋಡುವುದೆಂದರೆ ಏನೇನು ಮಾಡಬೇಕಾಗುತ್ತದೆ ಎಂಬುದನ್ನು ತೋರಿಸಲು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಈ ರೋಗಿಗೆ ನಾವು ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಕೊಡಲಿಲ್ಲ. ಹದಿನಾರು ತಿಂಗಳ ಮೇಲೆ ಕ್ಯಾನ್ಸರ್ ಮರಳಿತು. ವಿಕಿರಣ ಕೊಟ್ಟಿದ್ದರೆ ಯಾವ ಜಾಗಕ್ಕೆ ಕೊಡುತ್ತಿದ್ದೆವೋ ಅದೇ ಜಾಗದಲ್ಲಿ ಮರಳಿತು. ಇಷ್ಟಾದರೂ ಅಂದಿನ ತೀರ್ಮಾನ ಸರಿಯೆಂದೇ ನನ್ನ ನಿಲುವು. ಏಕೆಂದು ವಿವರಿಸಲು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಬೇಕು.

ರೋಗಿ ಮತ್ತು ಮನೆಯವರು ಬರೆಯಲು ಒಪ್ಪಿದ್ದಾರೆ. ಅವರ ವೃತ್ತಿ, ವಯಸ್ಸು, ಊರಿನ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಹಿನ್ನೆಲೆ

ವಾರದ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದ, ಅರವತ್ತರ ಆಸುಪಾಸಿನ ಗಂಡಸು. ದಶಕಗಳ ಕಾಲ ಬೀಡಿ ಸೇದಿದ್ದವರು, ನಾಲ್ಕು ವರ್ಷಗಳ ಹಿಂದೆ ಹೃದಯಾಘಾತವಾದಾಗ ಒಂದೇ ದಿನದಲ್ಲಿ ಬಿಟ್ಟಿದ್ದರು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ಎಂಬ ರಕ್ತನಾಳದ ಮೊದಲ ಭಾಗದಲ್ಲಿಯೇ ಅವರಿಗೆ ಸ್ಟೆಂಟ್ ಹಾಕಲಾಗಿತ್ತು. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪಿಂಗ್ ಸಾಮರ್ಥ್ಯ ಶೇ 48 ಇತ್ತು. ಈ ಎರಡು ಮಾಹಿತಿಗಳು ಆಗ ಹಳೆಯ ಕಡತದ ಸಾಲುಗಳಷ್ಟೇ ಆಗಿದ್ದವು. ಮುಂದೆ ಇಡೀ ತೀರ್ಮಾನ ಅವುಗಳ ಸುತ್ತಲೇ ತಿರುಗಿತು.

ಕೆಮ್ಮು ನಿಲ್ಲದಿದ್ದಾಗ ಎಕ್ಸ್‌ರೇ ತೆಗೆಸಿದರು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ಕಫದಲ್ಲಿ ರೋಗಾಣು ಸಿಗದಿದ್ದರೂ ಕ್ಷಯವಿರಬಹುದೆಂದು ಊಹಿಸಿ ಎರಡು ತಿಂಗಳು ಮಾತ್ರೆ ಕೊಡಲಾಯಿತು. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಇದು ತೀರಾ ಪರಿಚಿತವಾದ ದಾರಿ. ಕಲೆ ಕರಗದೆ ದೊಡ್ಡದಾದಾಗ ಸಿಟಿ ಸ್ಕ್ಯಾನ್, ಬಯಾಪ್ಸಿ ಆಗಿ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಎಂದು ಗೊತ್ತಾಯಿತು.

ಪೆಟ್ ಸ್ಕ್ಯಾನ್‌ನಲ್ಲಿ ಗೆಡ್ಡೆಯೊಂದೇ ಬೆಳಗಿತು. ಎದೆಯ ನಡುಭಾಗದ ಗ್ರಂಥಿಗಳು ಸ್ವಚ್ಛವಾಗಿ ಕಂಡವು. ಮಿದುಳಿನ ಎಂಆರ್‌ಐ ಕೂಡ ಸರಿಯಾಗಿತ್ತು. ಹೃದ್ರೋಗ ತಜ್ಞರ ಅನುಮತಿ ಪಡೆದು ಎಡ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅದರೊಂದಿಗೆ ಎದೆಯ ನಡುಭಾಗದ ಗ್ರಂಥಿಗಳನ್ನು ತೆಗೆಯಲಾಯಿತು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು, ಮೂರನೆಯ ದಿನ ಅವರು ವಾರ್ಡಿನಲ್ಲಿ ನಡೆದಾಡಿದರು. ಧ್ವನಿ ಮೊದಲಿನಂತೆಯೇ ಇದೆ ಎಂದು ಶಸ್ತ್ರಚಿಕಿತ್ಸಕರು ಬಿಡುಗಡೆಯ ಪತ್ರದಲ್ಲಿ ಬರೆದಿದ್ದರು. ಮಹಾಪಧಮನಿಯ ಬಳಿಯ ಗ್ರಂಥಿಗಳನ್ನು ತೆಗೆದ ಮೇಲೆ ಇದನ್ನು ಬರೆಯುವವರು ಕಡಿಮೆ. ಈ ಒಂದು ಸಾಲು ಮುಂದೆ ಬಹಳ ಉಪಯೋಗಕ್ಕೆ ಬಂತು.

ವರದಿಯಲ್ಲಿ ಇರದಿದ್ದ ಮಾಹಿತಿ

ರೋಗಶಾಸ್ತ್ರದ ವರದಿಯ ಸಾರಾಂಶ ಹೀಗಿತ್ತು: ಗೆಡ್ಡೆ 3.4 ಸೆಂಟಿಮೀಟರ್, ಶ್ವಾಸನಾಳದ ಅಂಚು, ರಕ್ತನಾಳಗಳ ಅಂಚು ಸ್ವಚ್ಛ, ಪರೀಕ್ಷಿಸಿದ 11 ಗ್ರಂಥಿಗಳಲ್ಲಿ 3ರಲ್ಲಿ ಕ್ಯಾನ್ಸರ್ ಇದೆ.

ಓದುವವರಿಗೆ ಪೂರ್ಣ ವರದಿಯಂತೆ ಕಾಣುತ್ತದೆ. ಆದರೆ ವಿಕಿರಣದ ತೀರ್ಮಾನಕ್ಕೆ ಅತ್ಯಗತ್ಯವಾದದ್ದು ಇದರಲ್ಲಿ ಇಲ್ಲ. ಆ ಮೂರು ಗ್ರಂಥಿಗಳು ಎಲ್ಲಿದ್ದವು? ಶ್ವಾಸಕೋಶದೊಳಗಿನವು ಅಥವಾ ಅದರ ಬುಡದವು ಮಾತ್ರವಾದರೆ ಅದು ಎನ್1. ಎದೆಯ ನಡುಭಾಗದಲ್ಲಿ, ಅದೇ ಬದಿಯಲ್ಲಿ ಅಥವಾ ಶ್ವಾಸನಾಳ ಕವಲೊಡೆಯುವ ಜಾಗದ ಕೆಳಗೆ ಒಂದೇ ಒಂದು ಗ್ರಂಥಿಯಲ್ಲಿ ರೋಗವಿದ್ದರೂ ಅದು ಎನ್2. ಇಷ್ಟು ಗಾತ್ರದ ಗೆಡ್ಡೆಯಲ್ಲಿ ಹಂತ ಎರಡರಿಂದ ಮೂರಕ್ಕೆ ಏರುತ್ತದೆ. ಇತ್ತೀಚಿನ 9ನೇ ಆವೃತ್ತಿಯ ಹಂತ ವಿಂಗಡಣೆ ಎನ್2 ಅನ್ನೂ ಎರಡಾಗಿ ಒಡೆದಿದೆ: ಒಂದೇ ನೆಲೆಯ, ಎಂದರೆ ಎದೆಯೊಳಗೆ ಸಂಖ್ಯೆ ಕೊಟ್ಟು ಗುರುತಿಸಿದ ಒಂದೇ ಜಾಗದ ಗ್ರಂಥಿಗಳಲ್ಲಿ ರೋಗವಿರುವವರು ಒಂದು ಕಡೆ, ಹಲವು ನೆಲೆಗಳಲ್ಲಿ ಇರುವವರು ಇನ್ನೊಂದು ಕಡೆ. ಈ ಎರಡು ಗುಂಪುಗಳ ಮುಂದಿನ ದಾರಿ ಬೇರೆ ಬೇರೆ ಎನ್ನುವುದೇ ಅದಕ್ಕೆ ಕಾರಣ.

ಅದೃಷ್ಟಕ್ಕೆ ಶಸ್ತ್ರಚಿಕಿತ್ಸಕರು ಪ್ರತಿ ನೆಲೆಯ ಗ್ರಂಥಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ 5, 6, 7, 10, 11 ಎಂದು ಸಂಖ್ಯೆ ಬರೆದು ಕಳಿಸಿದ್ದರು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಆ ಸಂಖ್ಯೆಗಳು ಹಾಗೆಯೇ ಇದ್ದವು. ವರದಿಯನ್ನು ಬೆರಳಚ್ಚು ಮಾಡುವಾಗ ಎಲ್ಲವೂ ಒಟ್ಟು ಮೊತ್ತದಲ್ಲಿ ಕರಗಿಹೋಗಿದ್ದವು. ರೋಗಶಾಸ್ತ್ರಜ್ಞರು ಪುಸ್ತಕ ತೆರೆದು, ಗಾಜಿನ ಫಲಕಗಳನ್ನು ಮತ್ತೆ ನೋಡಿ ಹೇಳಿದರು: ಎರಡು ಗ್ರಂಥಿಗಳು 11ರ ನೆಲೆಯವು, ಎಂದರೆ ಹಾಲೆಗಳ ನಡುವಿನವು. ಇನ್ನೊಂದು 5ರ ನೆಲೆಯದು. ಮಹಾಪಧಮನಿಯ ಕಮಾನು ಮತ್ತು ಶ್ವಾಸಕೋಶದ ಅಪಧಮನಿಯ ನಡುವಿನ ಕಿಂಡಿಯಲ್ಲಿ ಇದ್ದದ್ದು. ಪೆಟ್ ಸ್ಕ್ಯಾನ್ ಕಾಣದೆ ಹೋಗಿದ್ದ ಎನ್2 ಇದು.

ಮುಂದಿನ ಪ್ರಶ್ನೆ, ಆ ಗ್ರಂಥಿಯ ಕವಚ ಒಡೆದು ರೋಗ ಸುತ್ತಲಿನ ಕೊಬ್ಬಿಗೆ ಹಬ್ಬಿತ್ತೇ ಎಂಬುದು. ಹಬ್ಬಿದ್ದರೆ, ಪೂರ್ತಿ ತೆಗೆದಿದ್ದೇವೆ ಎಂಬ ಮಾತಿನ ಮೇಲೆಯೇ ಅನುಮಾನ ಬರುತ್ತಿತ್ತು. ವಿಕಿರಣದ ಕಡೆಗೆ ತಕ್ಕಡಿ ವಾಲುತ್ತಿತ್ತು. ಅದೇ ತುಣುಕಿನಿಂದ ಇನ್ನಷ್ಟು ಪದರಗಳನ್ನು ಕತ್ತರಿಸಿ ನೋಡಿದಾಗ ಕವಚ ಎಲ್ಲ ಕಡೆಯೂ ಇಡಿಯಾಗಿತ್ತು. ಅಂಚುಗಳು ಸ್ವಚ್ಛ, ಒಂದೇ ನೆಲೆಯ ಎನ್2, ಕವಚ ಭದ್ರ. ನಾವು ಎಲ್ಲರೂ ಯಾರ ಬಗ್ಗೆ ಮಾತನಾಡುತ್ತಿದ್ದೇವೆ ಎನ್ನುವುದು ಆ ದಿನ ಸ್ಪಷ್ಟವಾಯಿತು. ಈ ಪ್ರಕರಣದ ಮೊದಲ ತಿರುವು ಇದೇ, ಮತ್ತು ಇದು ನಡೆದದ್ದು ವಿಕಿರಣ ಯಂತ್ರದ ಹತ್ತಿರವೂ ಅಲ್ಲ, ರೋಗಿಯ ಎದುರಿಗೂ ಅಲ್ಲ.

ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನುಗಳ ಬದಲಾವಣೆಗಳು ಸಿಗಲಿಲ್ಲ. ಇಜಿಎಫ್‌ಆರ್ ಬದಲಾವಣೆ ಇದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಅಂಥವರಲ್ಲಿ ಒಸಿಮೆರ್ಟಿನಿಬ್ ಮಾತ್ರೆ ರೋಗ ಮರಳುವುದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಆಯಸ್ಸನ್ನೂ ಹೆಚ್ಚಿಸುತ್ತದೆ ಎಂದು ಅಡೋರಾ ಅಧ್ಯಯನ ತೋರಿಸಿದೆ. ಆ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರದ ವಿಕಿರಣಕ್ಕೆ ಅವಕಾಶವೇ ಇರಲಿಲ್ಲ. ಇವರ ಪಿಡಿ-ಎಲ್1 (ಇಮ್ಯುನೋಥೆರಪಿ ಎಷ್ಟು ನೆರವಾದೀತು ಎಂದು ಸೂಚಿಸುವ ಪ್ರೋಟೀನ್) ಮಟ್ಟವೂ ಶೇ 1ಕ್ಕಿಂತ ಕಡಿಮೆಯಿದ್ದುದರಿಂದ ಇಮ್ಯುನೋಥೆರಪಿಯಿಂದ ಹೆಚ್ಚು ನಿರೀಕ್ಷಿಸುವಂತಿರಲಿಲ್ಲ. ಉಳಿದದ್ದು ಕಿಮೋಥೆರಪಿ. ಶಸ್ತ್ರಚಿಕಿತ್ಸೆಯ ನಂತರ ಸಿಸ್ಪ್ಲಾಟಿನ್ ಆಧಾರಿತ ಕಿಮೋ ಕೊಟ್ಟರೆ ಐದು ವರ್ಷಗಳಲ್ಲಿ ನೂರಕ್ಕೆ ಐದರಷ್ಟು ಹೆಚ್ಚು ಮಂದಿ ಬದುಕುಳಿಯುತ್ತಾರೆ ಎಂಬುದು 2008ರ ಒಟ್ಟು ವಿಶ್ಲೇಷಣೆಯಿಂದ ಗೊತ್ತಿರುವ ಸಂಗತಿ. ಸಿಸ್ಪ್ಲಾಟಿನ್ ಜೊತೆ ಕೊಡಬೇಕಾದ ಅಷ್ಟು ಸಲೈನ್ ಅನ್ನು ಇವರ ಹೃದಯ ತಾಳದೆಂದು ಕಾರ್ಬೋಪ್ಲಾಟಿನ್, ಪೆಮೆಟ್ರೆಕ್ಸೆಡ್ ಆರಿಸಿ ನಾಲ್ಕು ಸುತ್ತು ಮುಗಿಸಿದೆವು.

ಸಮಸ್ಯೆ

ಕಿಮೋ ಮುಗಿಯುವ ಹೊತ್ತಿಗೆ ಮಗ ನನ್ನ ಬಳಿ ಬಂದರು. "ಕರೆಂಟ್ ಕೂಡ ಕೊಟ್ಟುಬಿಡಿ ಡಾಕ್ಟರೇ, ಎಲ್ಲವೂ ಒಂದೇ ಸಲಕ್ಕೆ ಮುಗಿದುಹೋಗಲಿ" ಎಂದರು. ಕರೆಂಟ್ ಎಂದರೆ ವಿಕಿರಣ. ಕರ್ನಾಟಕದ ಯಾವ ಕ್ಯಾನ್ಸರ್ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತರೂ ಈ ಮಾತು ಕೇಳಿಸುತ್ತದೆ. ಅದರ ಹಿಂದಿನ ತರ್ಕ ಸಹಜವಾದದ್ದೇ: ಶಸ್ತ್ರಚಿಕಿತ್ಸೆ, ಕಿಮೋ, ಕರೆಂಟ್ ಮೂರೂ ಆದರೆ ಚಿಕಿತ್ಸೆ ಪೂರ್ಣ, ಒಂದು ತಪ್ಪಿದರೆ ಏನೋ ಉಳಿದುಹೋದಂತೆ. ಪಕ್ಕದ ಮನೆಯ ಸ್ತನ ಕ್ಯಾನ್ಸರ್ ರೋಗಿಗೆ ಮೂರೂ ಆಗಿತ್ತು. ಮೇಲಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ವಿಕಿರಣದ ಖರ್ಚು ಹೊಂದುತ್ತಿತ್ತು. ಹಣ ಬೇಡದ ಚಿಕಿತ್ಸೆಯನ್ನು ವೈದ್ಯರು ಬೇಡವೆನ್ನುತ್ತಿದ್ದಾರೆ ಎಂದರೆ ರೋಗಿ ಕೈಮೀರಿದ್ದಾರೆಂದೇ ಮನೆಯವರು ಅರ್ಥಮಾಡಿಕೊಳ್ಳುತ್ತಾರೆ. ಈ ಭಯವನ್ನು ಗಂಭೀರವಾಗಿ ತೆಗೆದುಕೊಳ್ಳದೆ ಅಂಕಿಸಂಖ್ಯೆ ಹೇಳತೊಡಗಿದರೆ ಅದು ಅವರ ಕಿವಿಗೆ ಬೀಳುವುದಿಲ್ಲ.

ಬೇರೆ ಬೇರೆ ವಿಭಾಗಗಳ ವೈದ್ಯರು ಕೂಡಿ ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಸಭೆಯಲ್ಲೂ ಒಮ್ಮತವಿರಲಿಲ್ಲ. ಎನ್2 ಎಂದಮೇಲೆ ವಿಕಿರಣ ಕೊಡುವುದು ಬಹುಕಾಲದ ರೂಢಿ. ಆ ರೂಢಿ ಬೆಳೆದ ಬಗೆಯನ್ನು ಇಲ್ಲಿ ಸ್ವಲ್ಪ ನೋಡಬೇಕು.

1998ರಲ್ಲಿ ಒಂಬತ್ತು ಪ್ರಯೋಗಗಳ 2,128 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟವಾದಾಗ ವಿಕಿರಣ ಚಿಕಿತ್ಸೆಯ ನಮ್ಮ ವಿಭಾಗಕ್ಕೆ ದೊಡ್ಡ ಆಘಾತವಾಯಿತು. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಪಡೆದವರಲ್ಲಿ ಎರಡು ವರ್ಷ ಬದುಕಿದವರು ಶೇ 48, ಪಡೆಯದವರಲ್ಲಿ ಶೇ 55. ಚಿಕಿತ್ಸೆ ನೆರವಾಗದಿದ್ದರೆ ಹೋಗಲಿ, ಕೆಡುಕನ್ನೇ ಮಾಡಿತ್ತು. ಈ ಕೆಡುಕು ಎದ್ದು ಕಂಡದ್ದು ಎನ್0 (ಯಾವ ಗ್ರಂಥಿಗೂ ರೋಗ ತಲುಪಿರದ), ಎನ್1 ರೋಗಿಗಳಲ್ಲಿ. ಎನ್2 ರೋಗಿಗಳಲ್ಲಿ ಹಾನಿಯೂ ಸ್ಪಷ್ಟವಿರಲಿಲ್ಲ, ಲಾಭವೂ ಸ್ಪಷ್ಟವಿರಲಿಲ್ಲ. ಆ ಪ್ರಯೋಗಗಳಲ್ಲಿ ಅನೇಕವು ಕೋಬಾಲ್ಟ್ ಯಂತ್ರಗಳ ಕಾಲದವು. ದೊಡ್ಡ ಚೌಕಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಶ್ವಾಸಕೋಶ, ಹೃದಯವನ್ನು ಸೇರಿಸಿ ವಿಕಿರಣ ಹಾಯಿಸುತ್ತಿದ್ದ ದಿನಗಳು. ಹೊಸ ಯಂತ್ರ ಬಂದರೆ ಎನ್2 ರೋಗಿಗಳಿಗಾದರೂ ಲಾಭ ಸಿಕ್ಕೀತು ಎಂಬ ನಂಬಿಕೆ ಹುಟ್ಟಿತು. ಅಮೆರಿಕದ ದೊಡ್ಡ ನೋಂದಣಿ ದಾಖಲೆಗಳ ವಿಶ್ಲೇಷಣೆಗಳು ಆ ನಂಬಿಕೆಗೆ ಬಲ ಕೊಟ್ಟವು. ಆದರೆ ನೋಂದಣಿ ದಾಖಲೆಯಲ್ಲಿ ವಿಕಿರಣ ಪಡೆದವರು ಮೊದಲಿನಿಂದಲೇ ಗಟ್ಟಿಮುಟ್ಟಾಗಿದ್ದವರು, ಶಸ್ತ್ರಚಿಕಿತ್ಸೆ ಮತ್ತು ಕಿಮೋ ದಾಟಿ ಆ ಹಂತದವರೆಗೆ ಬಂದವರು ಎಂಬುದನ್ನು ಮರೆಯುವುದು ಸುಲಭ.

ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿದ್ದು ಯುರೋಪಿನ ಲಂಗ್ ಆರ್ಟ್ ಪ್ರಯೋಗ. ಪೂರ್ತಿ ಗೆಡ್ಡೆ ತೆಗೆದ 501 ಎನ್2 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ 54 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣದ ಅಳತೆ) ವಿಕಿರಣ, ಉಳಿದವರಿಗೆ ಬರೀ ನಿಗಾ. ಮೂರು ವರ್ಷಕ್ಕೆ ರೋಗ ಮರಳದೆ ಬದುಕಿದವರು ವಿಕಿರಣದ ಗುಂಪಿನಲ್ಲಿ ಶೇ 47, ನಿಗಾದ ಗುಂಪಿನಲ್ಲಿ ಶೇ 44. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವಲ್ಲ. ಒಟ್ಟು ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎದೆಯ ನಡುಭಾಗದಲ್ಲಿ ರೋಗ ಮರಳುವುದನ್ನು ವಿಕಿರಣ ಖಂಡಿತವಾಗಿಯೂ ತಗ್ಗಿಸಿತು, ಹತ್ತಿರ ಹತ್ತಿರ ಅರ್ಧಕ್ಕೆ. ಆ ಲಾಭವನ್ನು ಹೃದಯ ಮತ್ತು ಶ್ವಾಸಕೋಶಗಳ ತೊಂದರೆ ನುಂಗಿಹಾಕಿತು: ತೀವ್ರವಾದ ತಡವಾದ ತೊಂದರೆಗಳು ವಿಕಿರಣ ಪಡೆದವರಲ್ಲಿ ಶೇ 11, ಪಡೆಯದವರಲ್ಲಿ ಶೇ 5. ಚೀನಾದ ಪೋರ್ಟ್-ಸಿ ಪ್ರಯೋಗದಲ್ಲಿ 394 ರೋಗಿಗಳಿದ್ದರು, ಕೊಟ್ಟದ್ದು 50 ಗ್ರೇ. ಅಲ್ಲಿಯೂ ಮೂರು ವರ್ಷಗಳ ಫಲಿತಾಂಶದಲ್ಲಿ ಸಾಬೀತಾದ ಲಾಭ ಸಿಗಲಿಲ್ಲ.

ಸಭೆಯಲ್ಲಿ ಒಬ್ಬ ಸಹೋದ್ಯೋಗಿ ಬಲವಾದ ವಾದವನ್ನೇ ಮುಂದಿಟ್ಟರು. ಲಂಗ್ ಆರ್ಟ್‌ನಲ್ಲಿ ಹೆಚ್ಚಿನವರಿಗೆ ಕೊಟ್ಟದ್ದು ಹಳೆಯ ತ್ರಿಆಯಾಮದ ವಿಧಾನ. ಐಎಂಆರ್‌ಟಿ ಎಂಬ, ಕಿರಣಗಳ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಬದಲಿಸುವ ಹೊಸ ವಿಧಾನ ಬಳಸಿದ್ದು ಕೆಲವರಿಗೆ ಮಾತ್ರ. ನಮ್ಮಲ್ಲಿ ಐಎಂಆರ್‌ಟಿ ಇದೆ, ಹೃದಯವನ್ನು ಇನ್ನೂ ಚೆನ್ನಾಗಿ ಕಾಪಾಡಬಹುದಲ್ಲ? ಈ ಪ್ರಶ್ನೆಗೆ ಸಭೆಯಲ್ಲಿ ಕುಳಿತು ಉತ್ತರಿಸಲು ಸಾಧ್ಯವಿರಲಿಲ್ಲ. ಇವರ ದೇಹದ ಮೇಲೆ ಯೋಜನೆ ಹಾಕಿಯೇ ನೋಡಬೇಕಿತ್ತು.

ಕಾಗದದ ಮೇಲಿನ ಚಿಕಿತ್ಸೆ

ಚಿಕಿತ್ಸೆ ಕೊಡುತ್ತೇವೆಂಬ ಭರವಸೆಯಿಲ್ಲದೆ, ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ವಿಕಿರಣದ ಯೋಜನೆಗೆ ಬೇಕಾದ ಸಿಟಿ ಸ್ಕ್ಯಾನ್ ಮಾಡಿದೆವು. ರೋಗಿಗೂ ಹಾಗೆಯೇ ಹೇಳಿದೆವು. ನಮ್ಮಲ್ಲಿ ಇದನ್ನು ಎಲ್ಲರೂ ಮಾಡುವುದಿಲ್ಲ. ಯೋಜನೆ ಹಾಕಿದ ಮೇಲೆ ಚಿಕಿತ್ಸೆ ಶುರುಮಾಡಲೇಬೇಕು ಎಂಬ ಒತ್ತಡ ತಾನಾಗಿ ಹುಟ್ಟಿಕೊಳ್ಳುತ್ತದೆ. ಆ ಒತ್ತಡವನ್ನು ಮೊದಲೇ ಮಾತಾಡಿ ಕಳೆದುಕೊಂಡದ್ದು ಒಳ್ಳೆಯದಾಯಿತು.

ಮೇಲಿನ ಹಾಲೆ ತೆಗೆದ ಎಡ ಎದೆ ಮೊದಲಿನ ಎದೆಯಲ್ಲ. ಉಳಿದ ಕೆಳ ಹಾಲೆ ಖಾಲಿಯಾದ ಜಾಗವನ್ನು ತುಂಬಲು ಮೇಲಕ್ಕೆ ಹಿಗ್ಗುತ್ತದೆ, ವಪೆ ಏರುತ್ತದೆ, ಹೃದಯ ಎಡಕ್ಕೂ ಮೇಲಕ್ಕೂ ಎಳೆದುಕೊಳ್ಳುತ್ತದೆ. ಇವರ ಸ್ಕ್ಯಾನ್‌ನಲ್ಲಿ ಇದೆಲ್ಲವೂ ಕಣ್ಣಿಗೆ ಕಾಣುವಂತಿತ್ತು. ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ವಲಯಕ್ಕೆ ಶ್ವಾಸನಾಳದ ಹೊಲಿದ ತುದಿ, ಎಡ ಶ್ವಾಸಕೋಶದ ಬುಡ, ಮಹಾಪಧಮನಿಯ ಬಳಿಯ ನೆಲೆಗಳು, ಕವಲಿನ ಕೆಳಗಿನ 7ರ ನೆಲೆ ಎಲ್ಲವೂ ಸೇರಬೇಕು. ಈ ವಲಯದ ಕೆಳಗಿನ ತುದಿ ಹೃದಯದ ನೆತ್ತಿಯ ಮೇಲೆ ಕುಳಿತಿತ್ತು. ಪರದೆಯ ಮೇಲೆ ಪದರ ಪದರವಾಗಿ ಕೆಳಗಿಳಿಯುತ್ತಾ ಹೋದಾಗ, ಬೆಳ್ಳಗೆ ಹೊಳೆಯುವ ಸಣ್ಣ ಕೊಳವೆಯೊಂದು ಕಂಡಿತು. ಅದು ಆ ಹಳೆಯ ಸ್ಟೆಂಟ್. ವಿಕಿರಣ ವಲಯದ ಗೆರೆಗೂ ಅದಕ್ಕೂ ಅಂತರ ಒಂದು ಸೆಂಟಿಮೀಟರಿಗಿಂತ ಕಡಿಮೆ.

ಐಎಂಆರ್‌ಟಿಯಲ್ಲಿ ಎಷ್ಟು ತಿದ್ದಿದರೂ ಒಂದನ್ನು ಉಳಿಸಿದರೆ ಇನ್ನೊಂದಕ್ಕೆ ಏಟು. ಎಲ್‌ಎಡಿಯನ್ನು ತಪ್ಪಿಸಲು ಕಿರಣಗಳ ಕೋನ ಬದಲಿಸಿದರೆ ಉಳಿದಿರುವ ಶ್ವಾಸಕೋಶದ ಹೆಚ್ಚು ಭಾಗಕ್ಕೆ ಸಣ್ಣ ಪ್ರಮಾಣದ ವಿಕಿರಣ ಹರಡುತ್ತಿತ್ತು. ಉಸಿರು ಬಿಗಿಹಿಡಿದು ಹೃದಯವನ್ನು ಕೆಳಗೆ ಸರಿಸುವ ವಿಧಾನವನ್ನೂ ಪ್ರಯತ್ನಿಸಿದೆವು. ಅರ್ಧ ಶ್ವಾಸಕೋಶ ಕಳೆದುಕೊಂಡ ಅವರಿಗೆ ಬೇಕಾದಷ್ಟು ಹೊತ್ತು ಸ್ಥಿರವಾಗಿ ಹಿಡಿಯಲು ಆಗಲಿಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಎಲ್‌ಎಡಿಯ ಶೇ 10ಕ್ಕಿಂತ ಹೆಚ್ಚು ಭಾಗಕ್ಕೆ 15 ಗ್ರೇ ಬಿದ್ದರೆ ಹೃದಯದ ಗಂಭೀರ ಘಟನೆಗಳು ಹೆಚ್ಚುತ್ತವೆ ಎಂದು ತೋರಿಸಿತ್ತು. ನಮ್ಮ ಅತ್ಯುತ್ತಮ ಯೋಜನೆಯೂ ಆ ಮಿತಿಯ ಒಳಗೆ ಬರಲಿಲ್ಲ.

ಯೋಜನೆಯ ಚಿತ್ರವನ್ನು ಹೃದ್ರೋಗ ತಜ್ಞರಿಗೆ ತೋರಿಸಿದೆ. ನಮ್ಮ ಕಡೆಯಿಂದ ಅವರಿಗೆ ಸಾಮಾನ್ಯವಾಗಿ ಹೋಗುವುದು "ಚಿಕಿತ್ಸೆಗೆ ಯೋಗ್ಯರೇ?" ಎಂಬ ಒಂದು ಸಾಲಿನ ಪತ್ರ; ಅವರಿಂದ ಬರುವುದು "ಅಡ್ಡಿಯಿಲ್ಲ" ಎಂಬ ಒಂದು ಪದ. ಈ ಸಲ ಅವರು ಪರದೆಯ ಮುಂದೆ ಕುಳಿತು, ಸ್ಟೆಂಟಿನ ಜಾಗ ನೋಡಿ, ಆ ರಕ್ತನಾಳ ಮತ್ತೆ ಮುಚ್ಚಿಕೊಂಡರೆ ಇವರ ಹೃದಯದಲ್ಲಿ ಉಳಿದಿರುವ ಶಕ್ತಿ ಎಷ್ಟು ಎಂದು ವಿವರಿಸಿದರು. ಇದು ಎರಡನೆಯ ತಿರುವು.

ಎರಡನೆಯ ಸಭೆಯಲ್ಲಿ ಮಾತು ಬೇಗ ಮುಗಿಯಿತು. ಇವರಿಗೆ ವಿಕಿರಣದಿಂದ ಸಿಗಬಹುದಾದದ್ದು ಎದೆಯ ನಡುವೆ ರೋಗ ಮರಳುವ ಸಾಧ್ಯತೆ ಕಡಿಮೆಯಾಗುವುದು. ಅದಕ್ಕೆ ತೆರಬೇಕಾದ ಬೆಲೆ ಸಾಮಾನ್ಯ ರೋಗಿ ತೆರುವುದಕ್ಕಿಂತ ಹೆಚ್ಚು. ಆಯಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೊಡುವುದು ಬೇಡ, ನಿಕಟ ನಿಗಾ ಇಡೋಣ ಎಂದಾಯಿತು. ಐಎಂಆರ್‌ಟಿ ಪರವಾಗಿ ವಾದಿಸಿದ್ದ ಸಹೋದ್ಯೋಗಿಯೂ ಯೋಜನೆ ನೋಡಿದ ಮೇಲೆ ಒಪ್ಪಿದರು.

ಮನೆಯವರೊಂದಿಗೆ

ರೋಗಿ, ಹೆಂಡತಿ, ಮಗ, ಮಗಳನ್ನು ಒಟ್ಟಿಗೆ ಕೂರಿಸಿ ಸ್ಕ್ಯಾನ್ ತೋರಿಸಿದೆ. ಸ್ಟೆಂಟನ್ನು ಅವರ ಬೆರಳಿನಿಂದಲೇ ಗುರುತಿಸಲು ಹೇಳಿದೆ. ಮೊದಲು ಹೇಳಿದ್ದು ಅವರ ಭಯಕ್ಕೆ ಉತ್ತರ: ರೋಗಿ ಕೈಮೀರಿದ್ದಾರೆಂದಲ್ಲ, ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದೆ ಎಂಬ ಕಾರಣಕ್ಕೇ ಇದನ್ನು ಬಿಡುವ ಆಯ್ಕೆ ನಮಗಿದೆ. ನಂತರ ಮುಚ್ಚುಮರೆಯಿಲ್ಲದೆ ಇನ್ನೊಂದನ್ನೂ ಹೇಳಿದೆ: ರೋಗ ಮರಳಬಹುದು. ಇದೇ ಜಾಗದಲ್ಲಿ ಮರಳಬಹುದು. ಆಗ ನಿಮಗೆ ಇವತ್ತಿನ ಮಾತು ನೆನಪಾಗುತ್ತದೆ. ಆದರೆ ಇವತ್ತು ಎದೆಗೆ ವಿಕಿರಣ ಕೊಟ್ಟುಬಿಟ್ಟರೆ, ಆಗ ಅದೇ ಜಾಗಕ್ಕೆ ಪೂರ್ಣ ಪ್ರಮಾಣದಲ್ಲಿ ಮತ್ತೆ ಕೊಡಲು ಆಗುವುದಿಲ್ಲ. ಈ ಬಾಣವನ್ನು ಬತ್ತಳಿಕೆಯಲ್ಲಿ ಉಳಿಸಿಕೊಳ್ಳುತ್ತಿದ್ದೇವೆ.

ಹೆಂಡತಿ ಕೇಳಿದ್ದು ಒಂದೇ: "ಹೃದಯಕ್ಕೆ ಏಟು ಬೀಳುವುದು ಖಚಿತವೇ?" ಖಚಿತವಲ್ಲ ಎಂದೆ. ರೋಗಿಯೇ ಮಾತು ಮುಗಿಸಿದರು. ಹೃದಯಾಘಾತದ ರಾತ್ರಿಯನ್ನು ತಾನು ಒಮ್ಮೆ ನೋಡಿದ್ದೇನೆ, ಅದನ್ನು ತಾನಾಗಿ ಕರೆದುಕೊಂಡು ಬರುವುದಿಲ್ಲ ಎಂದರು.

ಇಡೀ ಮಾತುಕತೆಯನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಒಂದು ಪ್ರತಿ ಅವರ ಕೈಗೆ, ಒಂದು ಕಡತಕ್ಕೆ ಹಾಕಿದೆವು. ಕೊಡಲು ಇದ್ದ ಕಾರಣಗಳು, ಬಿಡಲು ಇದ್ದ ಕಾರಣಗಳು, ಏನಾಗಬಹುದು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬ ಎಲ್ಲವೂ ಅದರಲ್ಲಿತ್ತು. ಲಕ್ಷಣಗಳ ಸಾಲಿನಲ್ಲಿ ಹೊಸದಾಗಿ ಧ್ವನಿ ಒಡೆಯುವುದು ಎಂದೂ ಸೇರಿತ್ತು. ಎಡಗಡೆಯ ಧ್ವನಿನರ ಮಹಾಪಧಮನಿಯ ಕಮಾನನ್ನು ಬಳಸಿಕೊಂಡು ಗಂಟಲಿಗೆ ಮರಳುತ್ತದೆ. 5ರ ನೆಲೆ ಅದರ ಪಕ್ಕದಲ್ಲಿಯೇ ಇದೆ.

ಮರುಕಳಿಕೆ

ಅವರು ಸಂತೆಗೆ ಮರಳಿದರು, ಮೊದಲಿನಷ್ಟಲ್ಲದಿದ್ದರೂ. ಮೊದಲ ಎರಡು ಸ್ಕ್ಯಾನ್ ಸ್ವಚ್ಛವಾಗಿದ್ದವು. ಮೂರನೆಯದಕ್ಕೆ ಇನ್ನೂ ಎರಡು ತಿಂಗಳು ಇರುವಾಗ ದೂರದ ಊರಿನಲ್ಲಿರುವ ಮಗಳು ಫೋನಿನಲ್ಲಿ ಅಪ್ಪನ ಧ್ವನಿ ಕೇಳಿ, ನೆಗಡಿಯೇ ಎಂದು ವಿಚಾರಿಸಿದಳು. ನೆಗಡಿಯಿರಲಿಲ್ಲ. ದಿನವೂ ಜೊತೆಯಲ್ಲಿದ್ದವರಿಗೆ ಗೊತ್ತಾಗದ ಬದಲಾವಣೆ ವಾರಕ್ಕೊಮ್ಮೆ ಕೇಳುವ ಅವಳಿಗೆ ಗೊತ್ತಾಗಿತ್ತು. ಅವಳು ಆ ಒಂದು ಪುಟದ ಕಾಗದವನ್ನು ನೆನಪಿಸಿಕೊಂಡು ಮರುದಿನವೇ ಆಸ್ಪತ್ರೆಗೆ ಹೋಗಿ ಎಂದಳು.

ಎಡ ಧ್ವನಿತಂತು ಚಲಿಸುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಆದದ್ದಿರಬಹುದೇ ಎಂಬ ಪ್ರಶ್ನೆಗೆ ಬಿಡುಗಡೆ ಪತ್ರದ ಆ ಒಂದು ಸಾಲು ಉತ್ತರವಾಯಿತು. ಪೆಟ್ ಸ್ಕ್ಯಾನ್‌ನಲ್ಲಿ ಮಹಾಪಧಮನಿಯ ಕಮಾನಿನ ಕೆಳಗೆ ಒಂದು ಗಂಟು, ಅದರ ಪಕ್ಕದ 4ರ ನೆಲೆಯಲ್ಲಿ ಇನ್ನೊಂದು ಚಿಕ್ಕ ಗಂಟು. ಬೇರೆಲ್ಲಿಯೂ ಇಲ್ಲ, ಮಿದುಳು ಸ್ವಚ್ಛ. ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್ ಸಹಾಯದಲ್ಲಿ ಸೂಜಿ ಹಾಕಿ 4ರ ನೆಲೆಯಿಂದ ತೆಗೆದ ಕೋಶಗಳಲ್ಲಿ ಅದೇ ಕ್ಯಾನ್ಸರ್ ಸಿಕ್ಕಿತು.

ಮಗ ಕೇಳಿಯೇ ಕೇಳಿದರು: "ಅವತ್ತು ಕೊಟ್ಟಿದ್ದರೆ ಇದು ಬರುತ್ತಿತ್ತೇ?" ಕೋಪದಿಂದ ಕೇಳಿದ್ದಲ್ಲ, ನೋವಿನಿಂದ ಕೇಳಿದ್ದು. ಬಾರದೆ ಇರುವ ಸಾಧ್ಯತೆ ಇತ್ತು ಎಂದೆ. ಆ ಸತ್ಯವನ್ನು ಮೃದುಗೊಳಿಸಲು ನನಗೆ ಹಕ್ಕಿರಲಿಲ್ಲ. ನಂತರ ಕಡತದಲ್ಲಿದ್ದ ಆ ಪುಟವನ್ನು ತೆರೆದು ಇಬ್ಬರೂ ಒಟ್ಟಿಗೆ ಓದಿದೆವು. ಇದೇ ಜಾಗದಲ್ಲಿ ಮರಳಬಹುದು ಎಂದು ಅಲ್ಲಿ ಬರೆದಿತ್ತು. ಏಕೆ ಬಿಡುತ್ತಿದ್ದೇವೆ ಎಂದೂ ಬರೆದಿತ್ತು. ಆ ಕಾಗದ ಇರದಿದ್ದರೆ, ನಾನು ಆ ಗಳಿಗೆಯಲ್ಲಿ ಹೇಳುವ ಎಲ್ಲವೂ ಸಮರ್ಥನೆಯಂತೆ ಕೇಳಿಸುತ್ತಿತ್ತು. ಆಗದೆ ಹೋದದ್ದನ್ನು ಇಂದಿನ ಕಣ್ಣಿನಿಂದ ಅಳೆಯುವುದು ಮನುಷ್ಯ ಸಹಜ. ಕೊಟ್ಟಿದ್ದರೆ ಆಗಬಹುದಾಗಿದ್ದ ಇನ್ನೊಂದು ಹೃದಯಾಘಾತ ಮಾತ್ರ ಯಾವ ಸ್ಕ್ಯಾನ್‌ನಲ್ಲಿಯೂ ಕಾಣುವುದಿಲ್ಲ.

ಈಗ ವಿಕಿರಣದ ಲೆಕ್ಕವೇ ಬದಲಾಗಿತ್ತು. ಮೊದಲು ನಮ್ಮ ಎದುರಿಗಿದ್ದದ್ದು ಇರಬಹುದಾದ, ಕಣ್ಣಿಗೆ ಕಾಣದ ರೋಗ. ಅದಕ್ಕಾಗಿ ಎದೆಯ ನಡುಭಾಗದ ದೊಡ್ಡ ವಲಯವನ್ನೇ ಆವರಿಸಬೇಕಿತ್ತು. ಈಗ ಇರುವುದು ಗುರುತಿಸಬಹುದಾದ ಎರಡು ಗಂಟು. ಅವುಗಳ ಸುತ್ತ ಮಾತ್ರ ವಲಯ ಎಳೆದರೆ ಸಾಕು. 7ರ ನೆಲೆ, ಶ್ವಾಸಕೋಶದ ಬುಡ ಬೇಕಿಲ್ಲ. ಮಹಾಪಧಮನಿಯ ಕಮಾನು ಸ್ಟೆಂಟಿಗಿಂತ ಸಾಕಷ್ಟು ಮೇಲಿದೆ. 30 ಕಂತುಗಳಲ್ಲಿ 60 ಗ್ರೇ ಕೊಡುವ ಯೋಜನೆಯಲ್ಲಿ ಎಲ್‌ಎಡಿಗೆ ಬಿದ್ದದ್ದು ಮಿತಿಯ ಒಳಗೇ ಉಳಿಯಿತು. ಪ್ರಮಾಣವನ್ನು ಇನ್ನೂ ಏರಿಸೋಣವೇ ಎಂದು ಮಗ ಕೇಳಿದ್ದರು. 74 ಗ್ರೇ ಕೊಟ್ಟವರು 60 ಗ್ರೇ ಪಡೆದವರಿಗಿಂತ ಬೇಗ ತೀರಿಕೊಂಡರು ಎಂದು ಅಮೆರಿಕದ ಆರ್‌ಟಿಒಜಿ 0617 ಪ್ರಯೋಗ ತೋರಿಸಿದೆ. ಅಲ್ಲಿಯೂ ಹೃದಯಕ್ಕೆ ಬಿದ್ದ ವಿಕಿರಣಕ್ಕೂ ಸಾವಿಗೂ ನಂಟು ಕಂಡಿತ್ತು. 60ಕ್ಕೆ ನಿಲ್ಲಿಸಿದೆವು. ಜೊತೆಯಲ್ಲಿ ವಾರಕ್ಕೊಮ್ಮೆ ಕಡಿಮೆ ಪ್ರಮಾಣದ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್. ನಂತರ ಡುರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಕೊಡುವ ಬಗ್ಗೆ ಚರ್ಚೆಯಾಯಿತು. 2024ರ ಜುಲೈ ಬಜೆಟ್ಟಿನಲ್ಲಿ ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಗಳಲ್ಲಿ ಅದೂ ಒಂದು, ಆದರೂ ಅದರ ಬೆಲೆ ಈ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಪಿಡಿ-ಎಲ್1 ಇಲ್ಲದವರಲ್ಲಿ ಅದರ ಲಾಭ ಸಂದೇಹಾಸ್ಪದವಾದ್ದರಿಂದ ಸಾಲ ಮಾಡಿ ಕೊಡಿಸಿ ಎಂದು ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ.

ನಾಲ್ಕನೆಯ ವಾರದಿಂದ ಅನ್ನನಾಳ ಉರಿದು, ರಾಗಿ ಗಂಜಿ, ಮಜ್ಜಿಗೆಯಲ್ಲೇ ಕಾಲ ಹಾಕಿದರು. ತೂಕ ಇಳಿಯಿತು, ಆದರೆ ಒಂದು ದಿನವೂ ಚಿಕಿತ್ಸೆ ತಪ್ಪಿಸಲಿಲ್ಲ. ಮುಗಿದ ಮೂರನೆಯ ತಿಂಗಳಲ್ಲಿ ಒಣ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು. ಊರಿನಲ್ಲಿ ಎಕ್ಸ್‌ರೇ ತೆಗೆಸಿದರೆ ಎಡ ಮೇಲ್ಭಾಗದಲ್ಲಿ ಮತ್ತೆ ಕಲೆ; ಮತ್ತೆ ಕ್ಷಯದ ಮಾತ್ರೆಯ ಚೀಟಿ. ಈ ಸಲ ಮನೆಯವರು ಮಾತ್ರೆ ನುಂಗುವ ಮೊದಲು ನಮಗೆ ಫೋನ್ ಮಾಡಿದರು. ಕಫದ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕ್ಷಯವಿರಲಿಲ್ಲ. ಸಿಟಿಯಲ್ಲಿ ಕಂಡ ಕಲೆಯ ಅಂಚು ವಿಕಿರಣ ವಲಯದ ಗೆರೆಗೆ ಸರಿಯಾಗಿ ಹೊಂದಿತ್ತು. ವಿಕಿರಣದಿಂದ ಬಂದ ಶ್ವಾಸಕೋಶದ ಉರಿಯೂತ ಅದು. ಪ್ರೆಡ್ನಿಸೊಲೋನ್ ಆರಂಭಿಸಿ, ಅವಸರ ಮಾಡದೆ ವಾರಗಟ್ಟಲೆ ಇಳಿಸುತ್ತಾ ಬಂದಾಗ ಕಡಿಮೆಯಾಯಿತು. ಸಣ್ಣ ವಲಯಕ್ಕೆ ಕೊಟ್ಟಾಗಲೇ ಇಷ್ಟಾದರೆ, ದೊಡ್ಡ ವಲಯಕ್ಕೆ ಕೊಟ್ಟಿದ್ದರೆ ಎಂಬ ಯೋಚನೆ ಆಗ ನನಗೆ ಬಾರದಿರಲಿಲ್ಲ.

ಈಗ, ಮತ್ತು ನಮ್ಮಲ್ಲಿ ಬದಲಾದದ್ದು

ಮರುಕಳಿಕೆಯ ಚಿಕಿತ್ಸೆ ಮುಗಿದು ಒಂದು ವರ್ಷ ದಾಟಿದೆ. ಕೊನೆಯ ಸ್ಕ್ಯಾನ್‌ನಲ್ಲಿ ಗಂಟುಗಳಿದ್ದ ಜಾಗದಲ್ಲಿ ಗಾಯದ ಕಲೆಯಷ್ಟೇ ಇದೆ. ಹೃದಯದ ಪಂಪಿಂಗ್ ಸಾಮರ್ಥ್ಯ ಮೊದಲಿದ್ದಷ್ಟೇ ಇದೆ. ಧ್ವನಿ ಪೂರ್ತಿ ಮರಳಿಲ್ಲ. ಸಂತೆಯಲ್ಲಿ ಕೂಗುವ ಕೆಲಸ ಈಗ ಮಗನದು, ಬಟ್ಟೆ ಅಳೆದು ಕೊಡುವುದು ಇವರದು. ಗುಣವಾಯಿತು ಎಂದು ಬರೆಯುವಷ್ಟು ಕಾಲ ಇನ್ನೂ ಕಳೆದಿಲ್ಲ.

ನಮ್ಮ ಕೆಲಸದ ರೀತಿಯಲ್ಲಿ ಕೆಲವು ಬದಲಾದವು. ಗ್ರಂಥಿಗಳ ನೆಲೆವಾರು ಪಟ್ಟಿ ಮತ್ತು ಕವಚದ ಸ್ಥಿತಿ ಇಲ್ಲದ ರೋಗಶಾಸ್ತ್ರದ ವರದಿಯನ್ನು ನಾವು ಈಗ ಟ್ಯೂಮರ್ ಬೋರ್ಡ್ ಸಭೆಗೆ ತೆಗೆದುಕೊಳ್ಳುವುದಿಲ್ಲ. ಹೃದ್ರೋಗದ ಇತಿಹಾಸವಿರುವವರ ಯೋಜನೆಯನ್ನು ಹೃದ್ರೋಗ ತಜ್ಞರು ಪತ್ರದಲ್ಲಿ ಅಲ್ಲ, ಪರದೆಯ ಮೇಲೆ ನೋಡುತ್ತಾರೆ. ಚಿಕಿತ್ಸೆ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಕಾಳಜಿಯನ್ನು ಚಿಕಿತ್ಸೆ ಬಿಡುವಾಗಲೂ ತೋರಿಸುತ್ತೇವೆ. ಕಾರಣಗಳ ಒಂದು ಪುಟ ಮನೆಯವರ ಭಾಷೆಯಲ್ಲಿ ಅವರ ಕೈಸೇರುತ್ತದೆ.

ಈ ಪ್ರಕರಣ ಓದಿ ಶಸ್ತ್ರಚಿಕಿತ್ಸೆಯ ನಂತರ ಯಾರಿಗೂ ವಿಕಿರಣ ಬೇಡ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಇದಾದ ಕೆಲವು ತಿಂಗಳಿಗೆ ಇನ್ನೊಬ್ಬರು ಬಂದರು. ಬಲ ಶ್ವಾಸಕೋಶದ ಗೆಡ್ಡೆ, ಮೂರು ನೆಲೆಗಳಲ್ಲಿ ಎನ್2, ಶ್ವಾಸನಾಳದ ಅಂಚಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟು ರೋಗ, ಗಟ್ಟಿಯಾದ ಹೃದಯ. ಅವರ ಬಗ್ಗೆ ಚರ್ಚೆ ಐದು ನಿಮಿಷವೂ ನಡೆಯಲಿಲ್ಲ. 60 ಗ್ರೇ ಕೊಟ್ಟೆವು.